ನೀರಿಗೆ ಬೆನ್ನು ಮಾಡಿದ ಊರುಗಳು

ಇಟಲಿಯ ನಡುಭಾಗದಲ್ಲಿ ಆರು ದಿನ ಸೈಕಲ್ ತುಳಿದು ಬಂದು ವರ್ಷವಾಗುತ್ತ ಬಂತು. ಆ ಆರು ದಿನವೂ ಸಂಜೆಯಾಗುತ್ತಿದ್ದಂತೆ ನನ್ನನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಹಗಲಿಡೀ ತುಳಿದು ತೊಡೆಗಳಲ್ಲಿ ಕಸುವು ಉಳಿದಿಲ್ಲ ಎನ್ನುವ ಹೊತ್ತಿಗೆ ಆ ರಾತ್ರಿ ತಂಗಬೇಕಾದ ಊರು ಕಾಣುತ್ತದೆ, ತಲೆ ಎತ್ತಿ ನೋಡಿದರೆ. ಗುಡ್ಡದ ನೆತ್ತಿಯ ಮೇಲೆ ಕೋಟೆಗೋಡೆ, ಅದರಾಚೆ ಒಂದು ಗಂಟೆಗೋಪುರ, ಕೆಳಗೆ ಆಲಿವ್ ತೋಟಗಳ ನಡುವೆ ಸುತ್ತಿ ಸುತ್ತಿ ಹತ್ತುವ ದಾರಿ. ಊರು ಬಂತು ಎಂದು ಮನಸ್ಸು ಹೇಳುತ್ತದೆ. ಹ್ಯಾಂಡಲ್‌ಗೆ ಕಟ್ಟಿದ ಮೀಟರ್ ಮಾತ್ರ ಇನ್ನೂ 250 ಮೀಟರ್ ಏರು ಬಾಕಿಯಿದೆ ಎನ್ನುತ್ತದೆ. ಕೊರ್ತೊನಾದಲ್ಲಿ ಹೀಗಾಯಿತು, ಪನಿಕಾಲೆಯಲ್ಲಿ ಹೀಗಾಯಿತು, ಚಿತ್ತಾ ದೆಲ್ಲಾ ಪಿಯೇವೆಯಲ್ಲೂ ಹೀಗೇ. ಕೆಳಗೆ ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ಬಯಲು, ಪಕ್ಕದಲ್ಲಿ ಸಮುದ್ರದಂತೆ ಹಬ್ಬಿದ ಸರೋವರ. ಅಷ್ಟೊಂದು ನೆಲ, ಅಷ್ಟೊಂದು ನೀರು ಬಿಟ್ಟು ಇಲ್ಲಿಯವರ ಹಿರಿಯರು ಕಲ್ಲು ಹೊತ್ತು ಮೇಲೆ ಹೋಗಿ ಮನೆ ಕಟ್ಟಿದ್ದೇಕೆ?

ಶತ್ರುಗಳ ಭಯಕ್ಕೆ ಎಂಬ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಅದು ಸುಳ್ಳಲ್ಲ, ಆದರೆ ನನಗೆ ಸಾಕಾಗಲಿಲ್ಲ. ನಾನು ಬೆಳೆದದ್ದು ಸಾಗರದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಅಡಿಕೆ ತೋಟ ಕಣಿವೆಯ ತಳದಲ್ಲಿರುತ್ತದೆ, ಮನೆ ತೋಟದ ಅಂಚಿಗೆ, ಸೊಪ್ಪಿನ ಬೆಟ್ಟ ಮನೆಯ ಹಿಂದಕ್ಕೆ. ಬೆಟ್ಟದ ತುದಿಯಲ್ಲಿ ಸಂಸಾರ ಹೂಡಿದವರನ್ನು ನಾನು ಕಂಡಿಲ್ಲ. ಬಯಲುಸೀಮೆಯ ನೆಂಟರ ಮನೆಗೆ ಹೋದರೆ ಕೆರೆ, ಕೆರೆಯ ಏರಿ, ಏರಿಯ ಕೆಳಗೆ ಗದ್ದೆ, ಅದರ ಮಗ್ಗುಲಲ್ಲೇ ಊರು. ನೀರು ಇದ್ದಲ್ಲಿ ಊರು ಎಂಬುದು ನನ್ನ ಕಣ್ಣಿಗೆ ರೂಢಿಯಾದ ನಕ್ಷೆ. ನೀರನ್ನು ಕಂಡು ದೂರ ಸರಿದ ಊರುಗಳನ್ನು, ಅದೂ ಸಾಲು ಸಾಲಾಗಿ, ನಾನು ಮೊದಲು ನೋಡಿದ್ದು ಟಸ್ಕನಿ ಮತ್ತು ಉಂಬ್ರಿಯಾ ಕೂಡುವ ಆ ಗಡಿಯಲ್ಲಿ.

ಬಿಳಿ ದಾರಿಗಳು

ಅರೆಜೊದ ರೈಲು ನಿಲ್ದಾಣದಲ್ಲಿ ಇಳಿದು ಬಾಡಿಗೆಗೆ ಒಂದು ಮೌಂಟನ್ ಬೈಕ್ ಪಡೆದೆ. ಮುಂದಿನ ಫೋರ್ಕ್‌ಗೆ ಮಾತ್ರ ಸಸ್ಪೆನ್ಷನ್ ಇರುವ ಸಾದಾ ಸೈಕಲ್. ಅಲ್ಲಿ ರಸ್ತೆಗಳು ಅಷ್ಟು ಚೆನ್ನಾಗಿರುವಾಗ ದಪ್ಪ ಟೈರಿನ ಸೈಕಲ್ ಏಕೆ ಎಂದು ಕೇಳಿದವರಿದ್ದಾರೆ. ಡಾಂಬರು ರಸ್ತೆ ನಿಮ್ಮನ್ನು ಊರಿನಿಂದ ಊರಿಗೆ ಮುಟ್ಟಿಸುತ್ತದೆ, ನಡುವಿನ ನೆಲವನ್ನು ತೋರಿಸುವುದಿಲ್ಲ. ಆ ಸೀಮೆಯ ಜೀವ ಇರುವುದು ಬಿಳಿ ದಾರಿಗಳಲ್ಲಿ. ಸುಣ್ಣಕಲ್ಲಿನ ಪುಡಿ ಮತ್ತು ಜಲ್ಲಿ ಹಾಸಿದ ಹಳ್ಳಿದಾರಿಗಳಿಗೆ ಅಲ್ಲಿಯವರು ಸ್ತ್ರಾದೆ ಬಿಯಾಂಕೆ, ಅಂದರೆ ಬಿಳಿಯ ರಸ್ತೆಗಳು, ಎನ್ನುತ್ತಾರೆ. ಎರಡು ಬದಿಗೂ ಸೈಪ್ರಸ್ ಮರಗಳು, ಒಂದು ತಿರುವಿನಾಚೆ ದ್ರಾಕ್ಷಿ ತೋಟ, ಇನ್ನೊಂದು ತಿರುವಿನಾಚೆ ಯಾರೂ ವಾಸವಿಲ್ಲದ ತೋಟದ ಮನೆ. ಇಳಿಜಾರಿನಲ್ಲಿ ಜಲ್ಲಿ ಚಕ್ರದ ಕೆಳಗೆ ಜಾರುವಾಗ ಮೈಯೆಲ್ಲ ಎಚ್ಚರವಾಗುತ್ತದೆ. ಮುಂದಿನ ಬ್ರೇಕನ್ನು ಒಂದೇ ಬೆರಳಲ್ಲಿ ಹಿಡಿದು, ಭಾರವನ್ನು ಹಿಂದಕ್ಕೆ ತಂದು, ಚಕ್ರ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಲು ಬಿಡಬೇಕು. ಎದುರು ಬಂದ ಟ್ರ್ಯಾಕ್ಟರ್ ಚಾಲಕರು ಪಕ್ಕಕ್ಕೆ ನಿಂತು ಕೈ ಎತ್ತಿ ಹುರಿದುಂಬಿಸುತ್ತಿದ್ದರು.

ಸೈಕಲ್ ತುಳಿಯುವವರನ್ನು ಆ ನಾಡು ಬೇರೆಯದೇ ಆದರದಿಂದ ನೋಡುತ್ತದೆ. ಕೊರ್ತೊನಾದ ಕೆಳಗಿನ ತೆರೊಂತೊಲಾ ಎಂಬ ರೈಲು ನಿಲ್ದಾಣದ ಬಳಿ ಒಂದು ಬೆಳಿಗ್ಗೆ ಕಾಫಿ ಕುಡಿದೆ. 1938 ಮತ್ತು 1948ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಜಿನೊ ಬಾರ್ತಾಲಿ 1943–44ರಲ್ಲಿ ತರಬೇತಿಯ ನೆಪದಲ್ಲಿ ಫ್ಲಾರೆನ್ಸ್‌ನಿಂದ ಅಸ್ಸಿಸಿಗೆ ಇದೇ ಸೀಮೆಯ ಮೂಲಕ ಸೈಕಲ್ ತುಳಿಯುತ್ತಿದ್ದರು. ಯೆಹೂದ್ಯರ ಜೀವ ಉಳಿಸಬೇಕಿದ್ದ ನಕಲಿ ಗುರುತಿನ ಪತ್ರಗಳು ಅವರ ಸೈಕಲ್ಲಿನ ಕೊಳವೆಯೊಳಗೆ ಸುರುಳಿಯಾಗಿ ಅಡಗಿರುತ್ತಿದ್ದವು. ಬದುಕಿರುವವರೆಗೂ ಅವರು ಆ ವಿಷಯವನ್ನು ಹೇಳಿಕೊಂಡು ತಿರುಗಲಿಲ್ಲ. ನಾಜಿಗಳ ಕೈಯಲ್ಲಿ ಸತ್ತ ಯೆಹೂದ್ಯರ ನೆನಪನ್ನು ಕಾಯುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಗೌರವಿಸಿದ್ದು 2013ರಲ್ಲಿ, ಅವರು ತೀರಿಕೊಂಡು ಹದಿಮೂರು ವರ್ಷಗಳ ಮೇಲೆ. ಕಾಫಿ ಮುಗಿಸಿ ಸೈಕಲ್ ಏರುವಾಗ ಸೀಟಿನ ಕೆಳಗಿನ ಕೊಳವೆಯನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿದೆ. ಇಷ್ಟು ಸಣ್ಣ ಜಾಗದಲ್ಲಿ ಎಷ್ಟು ಜೀವಗಳು ಹಿಡಿಸಿದ್ದವು!

ಹಿಂದಿರುಗಿ ಹರಿದ ಹೊಳೆ

ಮೊದಲ ದಿನದ ದಾರಿ ಕಿಯಾನಾ ಕಣಿವೆಯದು. ಅರೆಜೊದಿಂದ ಕಿಯೂಸಿಯವರೆಗೆ ಸುಮಾರು 62 ಕಿಲೋಮೀಟರ್ ಉದ್ದಕ್ಕೂ ಒಂದು ಕಾಲುವೆಯ ಏರಿಯ ಮೇಲೆ ಸೈಕಲ್ ದಾರಿಯಿದೆ. ಅಗಲವಾದ ಹೊಲಗಳು, ಉತ್ತು ಬಿಟ್ಟ ಕಂದು ಮಣ್ಣು, ಅಲ್ಲೊಂದು ಇಲ್ಲೊಂದು ಪಾರಿವಾಳದ ಗೂಡು ಹೊತ್ತ ಚೌಕಾಕಾರದ ದೊಡ್ಡ ರೈತಮನೆ. ಬಹಳಷ್ಟು ಮನೆಗಳ ಛಾವಣಿ ಕುಸಿದಿದೆ. ಇಷ್ಟು ಸಮತಟ್ಟಾದ, ಇಷ್ಟು ನೇರವಾದ ನೆಲ ಇಟಲಿಯ ಗುಡ್ಡಗಾಡಿನ ನಡುವೆ ಎಲ್ಲಿಂದ ಬಂತು ಎಂದು ತುಳಿಯುತ್ತಾ ಯೋಚಿಸಿದ್ದೆ. ಉತ್ತರ ನನ್ನ ಚಕ್ರದ ಕೆಳಗೇ ಇತ್ತು. ಅದು ಹುಟ್ಟಿದ ನೆಲವಲ್ಲ, ತುಂಬಿಸಿದ ನೆಲ.

ರೋಮನ್ನರ ಕಾಲದಲ್ಲಿ ಕಿಯಾನಾ ಒಂದು ಹೊಳೆ. ದಕ್ಷಿಣಕ್ಕೆ ಹರಿದು ರೋಮಿನ ಟೈಬರ್ ನದಿಯನ್ನು ಸೇರುತ್ತಿತ್ತು. ರೋಮಿನ ಪ್ರವಾಹ ತಪ್ಪಿಸಲು ಅದನ್ನು ಉತ್ತರದ ಆರ್ನೊ ನದಿಗೆ ತಿರುಗಿಸಬೇಕೆಂಬ ಮಾತು ಕ್ರಿ.ಶ. 15ರಲ್ಲೇ ರೋಮಿನ ಸೆನೆಟ್‌ನಲ್ಲಿ ಬಂದಿತ್ತು, ಫ್ಲಾರೆನ್ಸ್‌ನವರು ತಮ್ಮ ಊರು ಮುಳುಗುತ್ತದೆ ಎಂದು ತಡೆದರು. ಇಳಿಜಾರು ತೀರ ಕಡಿಮೆಯಿದ್ದ ಆ ಹೊಳೆ ಮುಂದಿನ ಶತಮಾನಗಳಲ್ಲಿ ಹರಿಯುವುದನ್ನೇ ಮರೆತು ಜೌಗಾಗಿ ಹರಡಿಕೊಂಡಿತು. 1503–04ರ ಸುಮಾರಿಗೆ ಲಿಯೊನಾರ್ಡೊ ಡಾ ವಿಂಚಿ ಈ ಕಣಿವೆಯ ನಕ್ಷೆಯೊಂದನ್ನು ಬರೆದ. ಹದ್ದು ಮೇಲಿನಿಂದ ನೋಡಿದಂತಿರುವ ಆ ಚಿತ್ರದಲ್ಲಿ ನಾನು ತುಳಿದ ಹೊಲಗಳ ಜಾಗದಲ್ಲಿ ಉದ್ದನೆಯ ನೀರು ಮಲಗಿದೆ. ಅದಕ್ಕೂ ಇನ್ನೂರು ವರ್ಷ ಹಿಂದೆ ಡಾಂಟೆ ತನ್ನ ಕಾವ್ಯದ ನರಕದಲ್ಲಿ ನರಳಾಟವನ್ನು ಹೋಲಿಸಲು ಹುಡುಕಿಕೊಂಡದ್ದು ಬೇಸಿಗೆಯ ಕೊನೆಯ ತಿಂಗಳುಗಳಲ್ಲಿ ಕಿಯಾನಾ ಕಣಿವೆಯ ಆಸ್ಪತ್ರೆಗಳಲ್ಲಿ ತುಂಬುತ್ತಿದ್ದ ರೋಗಿಗಳನ್ನು. ಆ ರೋಗ ಮಲೇರಿಯಾ. ಮಾಲ್ ಆರಿಯಾ ಎಂದರೆ ಕೆಟ್ಟ ಗಾಳಿ. ನಾವು ಇಂದಿಗೂ ಬಳಸುವ ಆ ಹೆಸರು ಇಟಲಿಯ ಜೌಗುಗಳಿಂದ ಎದ್ದು ಬಂದದ್ದು.

ಜೌಗನ್ನು ಒಣಗಿಸಿದ ಬಗೆ ನನ್ನನ್ನು ಅಲ್ಲೇ ನಿಲ್ಲಿಸಿತು. ನೀರನ್ನು ಹೊರಗೆ ಬಿಡುವುದಷ್ಟೇ ಸಾಲದು, ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಅದಕ್ಕೆ ಕಣಿವೆಯ ತಳವನ್ನೇ ಎತ್ತರಿಸಿದರು. ಗುಡ್ಡಗಳಿಂದ ಮಳೆಗಾಲದಲ್ಲಿ ಕೆಂಪಾಗಿ ಇಳಿಯುವ ಹಳ್ಳಗಳನ್ನು ಬದು ಕಟ್ಟಿದ ಅಂಕಣಗಳಿಗೆ ಬಿಡುವುದು, ನೀರು ನಿಂತು ತಿಳಿಯಾಗುವವರೆಗೆ ಕಾಯುವುದು, ತಿಳಿನೀರನ್ನು ಮೆಲ್ಲಗೆ ಹೊರಬಿಟ್ಟು ಹೂಳನ್ನು ಒಳಗೆ ಉಳಿಸಿಕೊಳ್ಳುವುದು. ಮರುವರ್ಷ ಮತ್ತೆ. ಅದರ ಮರುವರ್ಷ ಮತ್ತೆ. ಇದಕ್ಕೆ ಕೊಲ್ಮಾತಾ ಎಂದು ಹೆಸರು. 18ನೆಯ ಶತಮಾನದ ಕೊನೆಯಲ್ಲಿ ವಿತ್ತೋರಿಯೊ ಫೊಸ್ಸೊಂಬ್ರೋನಿ ಎಂಬ ಎಂಜಿನಿಯರ್ ಇದನ್ನು ಇಡೀ ಕಣಿವೆಗೆ ಅನ್ವಯಿಸಿದ, ಕೆಲಸ ತಲೆಮಾರುಗಳವರೆಗೆ ನಡೆಯಿತು. ಕೊನೆಗೆ ಹೊಳೆ ಹಿಂದಿರುಗಿ ಉತ್ತರಕ್ಕೆ, ಆರ್ನೊ ನದಿಯ ಕಡೆಗೆ ಹರಿಯಿತು. ಹೂಳು ಎಂಬ ಮಾತು ಕೇಳಿದರೆ ನಮಗೆ ಎದೆ ಕುಸಿಯುತ್ತದೆ. ಹೂಳು ತುಂಬಿ ಕೆರೆ ಸತ್ತಿತು ಎನ್ನುತ್ತೇವೆ, ಬೇಸಿಗೆ ಬಂದರೆ ಹೂಳೆತ್ತುವ ಕೆಲಸಕ್ಕೆ ಅರ್ಜಿ ಹಾಕುತ್ತೇವೆ. ಆ ಕಣಿವೆಯ ಜನ ಅದೇ ಹೂಳನ್ನು ಕಾದು, ಕೂಡಿಟ್ಟು, ಅದರ ಮೇಲೆ ಗೋಧಿ ಬೆಳೆದರು. ಏರಿಯ ಬದಿಗೆ ಸೈಕಲ್ ಒರಗಿಸಿ ಹೊಲದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡೆ. ನಮ್ಮ ತೋಟದ ಕಾಲುವೆಯ ತಳದ ಮಣ್ಣಿನಷ್ಟೇ ನಯ.

ಆ ಸಂಜೆ ಕಮೂಚಿಯಾದಿಂದ ಕೊರ್ತೊನಾಕ್ಕೆ ಏರುವಾಗ ಅತ್ಯಂತ ಸಣ್ಣ ಗಿಯರಿನಲ್ಲಿ, ಉಸಿರು ಎಣಿಸುತ್ತಾ, ಮೂರು ಬಾರಿ ನಿಂತು ಹತ್ತಿದೆ. ರೋಮನ್ನರಿಗೂ ಮೊದಲು ಇಲ್ಲಿ ಬಾಳಿದ ಎಟ್ರಸ್ಕನ್ನರು ಜೋಡಿಸಿದ ಭಾರೀ ಕಲ್ಲುಗಳ ಗೋಡೆ ಸಿಕ್ಕಿದಾಗ ಬೆಳಕು ಹೋಗುತ್ತಿತ್ತು. ಹಿಂದಿರುಗಿ ನೋಡಿದರೆ ನಾನು ಹಗಲೆಲ್ಲ ತುಳಿದ ಕಣಿವೆಯ ಮೇಲೆ ಬಿಳಿ ಮಂಜು ಹಾಸಿಕೊಳ್ಳುತ್ತಿದೆ. ಅಂಚಿನಿಂದ ಅಂಚಿಗೆ, ಲಿಯೊನಾರ್ಡೊನ ನಕ್ಷೆಯಲ್ಲಿ ನೀರು ಮಲಗಿದ್ದ ಜಾಗದಲ್ಲೇ. ನನ್ನ ಪ್ರಶ್ನೆಗೆ ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಅಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಂತಾಗ.

ಸರೋವರ

ಮರುದಿನ ಕೊರ್ತೊನಾದ ಮೇಲಿನ ಸಾಂತ್ ಎಜಿದಿಯೊ ಬೆಟ್ಟಸಾಲಿನ ಚೆಸ್ಟ್‌ನಟ್ ಕಾಡಿನಲ್ಲಿ ಕಳೆಯಿತು. ಬಂಡೆ ಮತ್ತು ಮರಗಳ ಮೇಲೆ ಬಳಿದ ಕೆಂಪು-ಬಿಳಿ ಗುರುತುಗಳನ್ನು ಹಿಡಿದು ಕಾಲುದಾರಿಯಲ್ಲಿ ಸಾಗಬೇಕು. ಅಕ್ಟೋಬರ್ ಆದ್ದರಿಂದ ನೆಲದ ತುಂಬ ಮುಳ್ಳುಕಾಯಿಗಳು ಬಿರಿದು ಬಿದ್ದಿದ್ದವು, ಚಕ್ರ ಹರಿದಾಗೆಲ್ಲ ಚಟಚಟ ಸದ್ದು. ಬೆಟ್ಟಸಾಲು ಮುಗಿಯುವಲ್ಲಿ ಮರಗಳು ಸರಿದು ಕೆಳಗೆ ತ್ರಾಸಿಮೇನೊ ಸರೋವರ ಒಮ್ಮೆಲೇ ಕಾಣಿಸಿತು. ವಿಸ್ತಾರ ಸುಮಾರು 128 ಚದರ ಕಿಲೋಮೀಟರ್. ಆಳ ಎಲ್ಲಿಯೂ ಆರು ಏಳು ಮೀಟರ್ ದಾಟುವುದಿಲ್ಲ. ದೊಡ್ಡ ನದಿ ಯಾವುದೂ ಬಂದು ಸೇರುವುದಿಲ್ಲ, ನೀರು ಹೊರಗೆ ಹೋಗಲು ಸಹಜ ದಾರಿಯೂ ಇಲ್ಲ. ಮಳೆಯನ್ನು ನಂಬಿ ಬದುಕುವ ನೀರು ಅದು. ನಮ್ಮ ಕೆರೆಗಳ ಸ್ವಭಾವವೇ.

ತುವೊರೊ ಎಂಬ ಹಳ್ಳಿಯ ಬಳಿ ಬೆಳಗಿನ ಮಂಜಿನಲ್ಲಿ ತುಳಿದದ್ದನ್ನು ಮರೆಯಲಾರೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸರೋವರ, ನಡುವಿನ ಹಾದಿಯಲ್ಲಿ ಹತ್ತು ಮಾರು ಮುಂದಿರುವುದು ಕಾಣದು. ಕ್ರಿ.ಪೂ. 217ರ ಬೇಸಿಗೆಯ ಒಂದು ಬೆಳಿಗ್ಗೆ ಇಂಥದೇ ಮಂಜಿನಲ್ಲಿ ರೋಮಿನ ಸೈನ್ಯ ಇದೇ ದಂಡೆಯ ಮೇಲೆ ನಡೆದು ಬರುತ್ತಿತ್ತು. ಗುಡ್ಡಗಳ ಮೇಲೆ ರೋಮಿನ ವೈರಿ, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ಲನ ಸೈನ್ಯ ಕಾದು ಕುಳಿತಿತ್ತು. ಕೆಲವೇ ಗಂಟೆಗಳಲ್ಲಿ ಸುಮಾರು 15,000 ಮಂದಿ ಸತ್ತರು, ಓಡಲು ನೋಡಿದವರು ನೀರಿಗೆ ಬಿದ್ದರು. ಹತ್ತಿರದ ಒಂದು ಹಳ್ಳಿಗೆ ಇಂದಿಗೂ ಸಾಂಗ್ವಿನೆತೊ ಎಂದು ರಕ್ತದ ಹೆಸರಿದೆ. ಎತ್ತರದಲ್ಲಿದ್ದವನು ಬದುಕುತ್ತಾನೆ, ನೀರಿನ ಬದಿಗೆ ಇದ್ದವನು ಸಾಯುತ್ತಾನೆ ಎಂಬುದನ್ನು ಆ ದಂಡೆ ಅಷ್ಟು ಹಿಂದೆಯೇ ಕಂಡಿತ್ತು.

ಸರೋವರಕ್ಕೆ ಹೊರದಾರಿ ಇಲ್ಲದ್ದರಿಂದ ಮಳೆ ಹೆಚ್ಚಾದರೆ ದಂಡೆಯ ಹೊಲಗಳು ಮುಳುಗುತ್ತಿದ್ದವು. 1421ರಲ್ಲಿ ಗುಡ್ಡ ಕೊರೆದು ಒಂದು ಸುರಂಗ ಕಾಲುವೆ ಮಾಡಿದರು, 1898ರಲ್ಲಿ ಹೊಸದೊಂದು ತೆರೆಯಿತು. ಸರೋವರವನ್ನೇ ಬತ್ತಿಸಿ ಹೊಲ ಮಾಡಬೇಕೆಂಬ ಯೋಜನೆಗಳೂ 19ನೆಯ ಶತಮಾನದಲ್ಲಿ ಬಂದಿದ್ದವು. ಅವು ಕೈಗೂಡಲಿಲ್ಲ, ನಮ್ಮ ಪುಣ್ಯ. ಈಗ ಚಿಂತೆ ತಿರುಗಿದೆ. ಮಳೆ ಕಡಿಮೆಯಾಗಿ, ಬಿಸಿಲು ಹೆಚ್ಚಾಗಿ ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಕಸ್ತಿಲ್ಯೋನೆ ದೆಲ್ ಲಾಗೊದ ಕೋಟೆಯ ಕೆಳಗೆ ನಾನು ನಿಂತಾಗ ದೋಣಿಕಟ್ಟೆಯ ಕಂಬಗಳು ಬುಡದವರೆಗೂ ಕಾಣುತ್ತಿದ್ದವು, ನೀರು ಇರಬೇಕಾದಲ್ಲಿ ಒಣಗಿ ಬಿರುಕು ಬಿಟ್ಟ ಕೆಸರು. ಕೆರೆ ಬತ್ತುವುದನ್ನು ಕಂಡವರಿಗೆ ಆ ಬಿರುಕುಗಳನ್ನು ವಿವರಿಸಬೇಕಾಗಿಲ್ಲ.

ಪನಿಕಾಲೆಯ ಬೆಂಚು

ಪನಿಕಾಲೆ ಸಣ್ಣ ಊರು. ಗುಡ್ಡದ ತಲೆಗೆ ಸಿಂಬಿ ಸುತ್ತಿದಂತೆ ಬೀದಿಗಳು ಒಂದರೊಳಗೊಂದು ಸುತ್ತಿಕೊಂಡಿವೆ. ಚೌಕದ ನಡುವಿನ ಕಾರಂಜಿ ಹಿಂದೆ ಮಳೆನೀರು ಹಿಡಿದಿಡುವ ತೊಟ್ಟಿಯಾಗಿತ್ತು. ಕಣ್ಣೆದುರಿಗೆ ಅಷ್ಟು ದೊಡ್ಡ ಸರೋವರ, ಊರವರು ಕುಡಿದದ್ದು ಛಾವಣಿಯಿಂದ ಇಳಿದ ನೀರು! ಇನ್ನೂ ದಕ್ಷಿಣಕ್ಕಿರುವ ಓರ್ವಿಯೆತೊ ಊರಿನಲ್ಲಿ ಪೋಪ್ ಏಳನೆಯ ಕ್ಲೆಮೆಂಟ್ 16ನೆಯ ಶತಮಾನದಲ್ಲಿ ತೋಡಿಸಿದ ಬಾವಿಯ ಆಳ 53 ಮೀಟರ್, ಮೆಟ್ಟಿಲು 248. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗಬಾರದೆಂದು ಇಳಿಯಲೊಂದು, ಹತ್ತಲೊಂದು ಸುರುಳಿ ದಾರಿ. ಎತ್ತರದಲ್ಲಿ ಬದುಕುವುದಕ್ಕೆ ಜನ ತೆತ್ತ ಬೆಲೆ ಇಂಥದು.

ಪನಿಕಾಲೆಯ ಸಂತ ಸೆಬಾಸ್ಟಿಯನ್ ಇಗರ್ಜಿಯಲ್ಲಿ ಪೆರುಜಿನೊ 1505ರಲ್ಲಿ ಬರೆದ ಭಿತ್ತಿಚಿತ್ರವಿದೆ. ಬಾಣ ತಾಗಿದ ಸಂತ ಮುಂದಿದ್ದಾನೆ, ನನ್ನ ಕಣ್ಣು ಹೋದದ್ದು ಅವನ ಹಿಂದಿನ ಕಮಾನುಗಳಾಚೆಗೆ. ಅಲ್ಲಿ ತಿಳಿನೀಲಿ ಗುಡ್ಡಗಳು, ಹಗುರವಾದ ಮರಗಳು, ದೂರಕ್ಕೆ ಕರಗಿಹೋಗುವ ಬಯಲು. ಹೊರಗೆ ಬಂದು ಕೋಟೆಗೋಡೆಯ ಬಳಿ ನಿಂತರೆ ಅದೇ ನೀಲಿ, ಅದೇ ಕರಗುವ ದೂರ. ಇಟಲಿಯ ಗುಡ್ಡಗಾಡು ಎಂದರೆ ನಮ್ಮ ಮನಸ್ಸಿಗೆ ಬರುವ ಚಿತ್ರ ಇದೇ, ಮೇಲಿನಿಂದ ಕೆಳಕ್ಕೆ ನೋಡಿದ ಚಿತ್ರ. ಆ ಕಣ್ಣು ಯಾವತ್ತೂ ಎತ್ತರದಲ್ಲೇ ಇದೆ ಎಂಬುದು ನನಗೆ ಆವರೆಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಒಂದು ಮಣ್ಣಿನ ಬಟ್ಟಲಿನಲ್ಲಿ ಫಜೊಲಿನಾ ಎಂಬ ಕಾಳು ಬಂತು. ಅಕ್ಕಿಕಾಳಿಗಿಂತ ತುಸು ದಪ್ಪ, ಬೆಣ್ಣೆಯ ಬಣ್ಣ, ಮೇಲೆ ಹಸಿ ಆಲಿವ್ ಎಣ್ಣೆ ಬಿಟ್ಟರೆ ಬೇರೇನಿಲ್ಲ. ಬಾಯಿಗೆ ಹಾಕಿದ ಕೂಡಲೇ ಗುರುತು ಸಿಕ್ಕಿತು, ಅಲಸಂದೆ. ಸರೋವರದ ಸುತ್ತ ಬಹಳ ಹಿಂದಿನಿಂದ ಬೆಳೆಯುವ ಈ ಕಾಳು ನಿಜಕ್ಕೂ ಅಲಸಂದೆಯದೇ ಜಾತಿ. ಕಾಯಿಗಳು ಒಟ್ಟಿಗೆ ಬಲಿಯುವುದಿಲ್ಲ, ದಿನ ಬಿಟ್ಟು ದಿನ ಕೈಯಿಂದಲೇ ಬಿಡಿಸಬೇಕು. ಆ ಕಷ್ಟಕ್ಕೆ ಒಂದು ಕಾಲದಲ್ಲಿ ಬೆಳೆಯುವವರೇ ಇಲ್ಲವಾಗುತ್ತ ಬಂದು, ಕೆಲವು ರೈತರ ಹಟದಿಂದ ಉಳಿದುಕೊಂಡಿತು. ಎರಡು ಬಟ್ಟಲು ತಿಂದೆ.

ಸಂಜೆ ಚೌಕದ ಬೆಂಚಿನ ಮೇಲೆ ಕುಳಿತಿದ್ದ ಎಂಬತ್ತರ ಅಂಚಿನ ಒಬ್ಬ ಮಹಿಳೆಯ ಜೊತೆ ಮಾತಿಗೆ ಕುಳಿತೆ. ನನ್ನ ಹರಕು ಇಟಾಲಿಯನ್, ಮೊಬೈಲಿನ ಅನುವಾದ, ಕೈಸನ್ನೆ ಎಲ್ಲ ಸೇರಿಸಿ ನನ್ನ ಪ್ರಶ್ನೆಯನ್ನೇ ಕೇಳಿದೆ. ಊರು ಏಕೆ ಮೇಲಿದೆ? ಅವರು ಸರೋವರದ ಕಡೆ ಕೈ ತೋರಿಸಿ, ಎರಡು ತೋಳುಗಳನ್ನು ಎದೆಗೆ ಒತ್ತಿಕೊಂಡು, ಚಳಿ ಹಿಡಿದವರಂತೆ ಮೈ ನಡುಗಿಸಿ ತೋರಿಸಿದರು. ಅವರ ಅಜ್ಜಿ ಬೇಸಿಗೆಯಲ್ಲಿ ಮಕ್ಕಳನ್ನು ಸಂಜೆ ಗಂಟೆ ಬಾರಿಸುವುದರೊಳಗೆ ಮೇಲೆ ಕರೆದುಕೊಳ್ಳುತ್ತಿದ್ದರಂತೆ. ಕೆಳಗಿನ ಗಾಳಿ ಒಳ್ಳೆಯದಲ್ಲ ಎನ್ನುತ್ತಿದ್ದರಂತೆ.

ಆ ನಡುಕವನ್ನು ನಾನು ಮೊದಲೂ ಕಂಡಿದ್ದೆ. ನನ್ನ ಅಜ್ಜಿ ಚಳಿಜ್ವರದ ಕಥೆ ಹೇಳುವಾಗ ಹೀಗೆಯೇ ತೋಳು ಒತ್ತಿಕೊಂಡು ತೋರಿಸುತ್ತಿದ್ದರು. ಮಲೆನಾಡಿನಲ್ಲಿ ಆ ಜ್ವರ ಮನೆ ಮನೆಯನ್ನೇ ಬರಿದು ಮಾಡಿದ ಕಾಲ ಅದು. ಅಜ್ಜಿಯ ಇಬ್ಬರು ತಮ್ಮಂದಿರು ಹೋದದ್ದು ಒಂದೇ ಮಳೆಗಾಲದ ಕೊನೆಯಲ್ಲಿ. ಡಿಡಿಟಿ ಹೊಡೆಯುವವರು ಬಂದದ್ದು, ಮಣ್ಣಿನ ಗೋಡೆಯ ಮೇಲೆ ಬಿಳಿ ಕಲೆಗಳು ಉಳಿದದ್ದು, ಬಾಗಿಲ ಮೇಲೆ ತಾರೀಕು ಬರೆದು ಹೋದದ್ದು ಎಲ್ಲ ಅವರಿಗೆ ನೆನಪಿತ್ತು. ಆ ಮನೆ ಇದ್ದದ್ದು ತೋಟದ ಅಂಚಿನಲ್ಲಿ, ಕಾಲುವೆಯ ಪಕ್ಕ, ಕಣಿವೆಯ ತಳದಲ್ಲಿ. ಅಡಿಕೆ ಅಲ್ಲಿ ಮಾತ್ರ ಬೆಳೆಯುತ್ತಿತ್ತು. ಮೇಲೆ ಹೋಗಲು ಅವರಿಗೆ ದಾರಿಯಿರಲಿಲ್ಲ. ಪನಿಕಾಲೆಯವರು ಜ್ವರ ಬಿಟ್ಟು ಎತ್ತರ ಹಿಡಿದರು, ನಮ್ಮವರು ಅನ್ನ ಬಿಡಲಾರದೆ ಜ್ವರದ ಜೊತೆಗೇ ಉಳಿದರು. ಪನಿಕಾಲೆಯ ಕೆಳಗೂ ಹೊಲ ಉಳುವವರು, ಜೌಗಿನ ಬದಿಯ ರೈತರು ಇದ್ದರು, ಅವರ ಪಾಡು ನಮ್ಮವರದೇ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಆ ತಮ್ಮಂದಿರ ಹೆಸರು ಕೇಳಿದೆ. ಅಮ್ಮನಿಗೆ ಒಬ್ಬರ ಹೆಸರು ಮಾತ್ರ ನೆನಪಿತ್ತು.

ಗಾಳಿಯಲ್ಲ, ಸೊಳ್ಳೆ ಎಂದು ತಿಳಿದದ್ದು 19ನೆಯ ಶತಮಾನದ ತುದಿಯಲ್ಲಿ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡರು, ಮರುವರ್ಷ ಇಟಲಿಯಲ್ಲಿ ಜೊವಾನ್ನಿ ಬಾತಿಸ್ತಾ ಗ್ರಾಸ್ಸಿ ಮತ್ತು ಸಂಗಡಿಗರು ಅದು ಅನಾಫಿಲಿಸ್ ಸೊಳ್ಳೆಯಿಂದ ಮನುಷ್ಯರಿಗೆ ಹರಡುವುದನ್ನು ತೋರಿಸಿದರು. 1900ರ ಕಾಯ್ದೆಯಿಂದ ಇಟಲಿಯ ಸರಕಾರವೇ ಕ್ವಿನೈನ್ ಮಾರತೊಡಗಿತು. ಉಪ್ಪು ಮತ್ತು ತಂಬಾಕು ಮಾರುವ ಸರಕಾರಿ ಪರವಾನಗಿಯ ಅಂಗಡಿಗಳಲ್ಲೇ ಅದು ಸಿಗುತ್ತಿತ್ತು, ಆ ಅಂಗಡಿಗಳ ಹಳೆಯ ಫಲಕಗಳು ಈಗಲೂ ಕಾಣಸಿಗುತ್ತವೆ. ದೇಶ ಮಲೇರಿಯಾ ಮುಕ್ತವೆಂದು ಘೋಷಣೆಯಾದದ್ದು 1970ರಲ್ಲಿ. ಅಲ್ಲಿಯವರೆಗೆ ಶತಮಾನಗಳ ಕಾಲ ಜನ ಕೆಟ್ಟ ಗಾಳಿಗೆ ಹೆದರಿ ಗುಡ್ಡ ಹತ್ತಿದರು. ಕಾರಣ ತಪ್ಪಾಗಿತ್ತು, ಎತ್ತರ ಸರಿಯಾಗಿತ್ತು. ಇದು ಗೊತ್ತಾದ ಮೇಲೆ ದಿನದ ಕೊನೆಯ ಏರು ನನಗೆ ಭಾರವೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಚಿತ್ತಾ ದೆಲ್ಲಾ ಪಿಯೇವೆಯ ಇಟ್ಟಿಗೆ ಬಣ್ಣದ ಗೋಡೆಗಳ ಕಡೆಗೆ ಹತ್ತುವಾಗ ಏಕೆ ಎಂದು ಕೇಳಲಿಲ್ಲ. ತಲೆ ತಗ್ಗಿಸಿ ತುಳಿದೆ.

ಕೊನೆಯ ದಿನ ಕಿಯೂಸಿಯ ಕೆಳಗಿನ ಸಣ್ಣ ಸರೋವರಕ್ಕೆ ಇಳಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಹೊಲದ ದಾರಿಯ ಜೇಡಿ ಕ್ಷಣದಲ್ಲಿ ಟೈರಿಗೆ ಮೆತ್ತಿಕೊಂಡು, ಫೋರ್ಕಿನ ನಡುವೆ ಗಿಡಿದು, ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಕಡ್ಡಿಯಿಂದ ಕೆತ್ತಿ ತೆಗೆದು ಇಪ್ಪತ್ತು ಹೆಜ್ಜೆ ಹೋದರೆ ಮತ್ತೆ ಅಷ್ಟೇ. ಕೊನೆಗೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ನಡೆದೆ. ಅಲ್ಲಿ ಹಳೆಯ ಗಡಿಯ ಎರಡು ಗೋಪುರಗಳಿವೆ. ಸಿಯೆನಾದವರದು ಬೆಕ್ಕಾತಿ ಕ್ವೆಸ್ತೊ, ಅಂದರೆ ಇದನ್ನು ತಗೋ. ಅದಕ್ಕೆ ಎದುರಾಗಿ ಪೆರೂಜಾದವರದು ಬೆಕ್ಕಾತಿ ಕ್ವೆಲ್ಲೊ, ಹಾಗಾದರೆ ಅದನ್ನು ತಗೋ. ಜೌಗಿನ ನಡುವೆ, ಜ್ವರದ ನಡುವೆ, ಇಲ್ಲಿ ಕಾವಲಿಗೆ ನಿಂತ ಸೈನಿಕರು ಯಾವ ಪಾಪದವರ ಮಕ್ಕಳೋ.

ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ಮೇಲಿನ ಒಂದು ಸಣ್ಣ ಸೇತುವೆ ಸಿಕ್ಕಿತು. ಮೊದಲ ದಿನ ತುಳಿದು ಬಂದದ್ದು ಇದೇ ಕಾಲುವೆಯ ಇನ್ನೊಂದು ತುದಿಯಿಂದ. ನೀರು ಹಸಿರಾಗಿತ್ತು, ನಿಂತಂತೆ ಇತ್ತು, ಯಾವ ಕಡೆಗೆ ಹೋಗುತ್ತಿದೆ ಎಂದು ನೋಡಿದರೆ ತಿಳಿಯದು. ಸಾಂತ್ ಎಜಿದಿಯೊ ಕಾಡಿನಲ್ಲಿ ಚೀಲದ ಬಾರಿಗೆ ಸಿಕ್ಕಿಕೊಂಡಿದ್ದ ಒಂದು ಒಣ ಚೆಸ್ಟ್‌ನಟ್ ಎಲೆ ಇನ್ನೂ ಅಲ್ಲೇ ಇತ್ತು. ಅದನ್ನು ಬಿಡಿಸಿ ಕೆಳಗೆ ಹಾಕಿದೆ. ಬಹಳ ಹೊತ್ತು ಇದ್ದಲ್ಲೇ ಸುತ್ತಿತು. ಆಮೇಲೆ ಮೆಲ್ಲಗೆ, ಅರೆಜೊದ ಕಡೆಗೆ, ಉತ್ತರಕ್ಕೆ ಹೊರಟಿತು. ಸೇತುವೆಯ ನೆರಳಿನಿಂದ ಅದು ಆಚೆ ಹೋಗುವವರೆಗೆ ನೋಡಿ, ಚೈನಿಗೆ ಮೆತ್ತಿದ ಜೇಡಿಯನ್ನು ಬಾಟಲಿಯ ನೀರಿನಿಂದ ತೊಳೆದು, ಕಿಯೂಸಿಯ ರೈಲು ನಿಲ್ದಾಣದ ದಾರಿ ಹಿಡಿದೆ.